ಅಲ್ನೋಡಿಯ ಮೊಳೆ

ಬಸ್ ನಿಲ್ದಾಣದ ಪಕ್ಕದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವನು ಅಲ್ನೋಡಿ. ಬೆಟ್ಟದ ಮೇಲಿನ ಊರು ನೋಡಲು ಬಂದವರನ್ನು ಬೆಳಿಗ್ಗೆ ಕೂರಿಸಿಕೊಂಡು ಹೊರಟು, ಕೆರೆ, ಜಲಪಾತ, ಹಳೇ ಬಂಗಲೆ, ಕಣಿವೆ ಕಾಣುವ ಕಟ್ಟೆಗಳನ್ನೆಲ್ಲ ತೋರಿಸಿ, ಸಂಜೆ ಹೊತ್ತಿಗೆ ಸೂರ್ಯ ಮುಳುಗುವ ಗುಡ್ಡಕ್ಕೆ ಮುಟ್ಟಿಸಿ ವಾಪಸ್ ತಂದು ಬಿಡುವುದು ಅವನ ಕೆಲಸ. ಸ್ಟ್ಯಾಂಡಿನವರು ಇದಕ್ಕೆ ‘ಸುತ್ತು’ ಎನ್ನುತ್ತಾರೆ. ನೋಡುವಂಥ ತಿರುವು ಬಂತೆಂದರೆ ಸಾಕು, ಅವನ ಎಡಗೈ ಸ್ಟಿಯರಿಂಗ್ ಬಿಟ್ಟು ತಾನೇ ಮೇಲೇಳುತ್ತಿತ್ತು, ಬಾಯಿ ‘ಅಲ್ನೋಡಿ’ ಎನ್ನುತ್ತಿತ್ತು. ಮಂಜು ಮುಸುಕಿ ಕಾರಿನ ಮೂತಿಯೇ ಕಾಣದ ದಿನವೂ ಅಷ್ಟೇ. ‘ಅಲ್ನೋಡಿ, ಮಂಜಿಲ್ದಿದ್ರೆ ಅಲ್ಲೊಂದು ಕೆರೆ ಇರುತ್ತೆ’ ಎನ್ನುತ್ತಿದ್ದ. ಜನ ಇಳಿದು ಆ ಬಿಳುಪಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಕಾಣದ ಕೆರೆ ತೋರಿಸಿ ಅದರಲ್ಲಿ ಕಾಲನ್ನೂ ತೊಳೆಸಿ ಕಳಿಸುವ ಆಸಾಮಿ ಇವನು ಎಂದು ಸ್ಟ್ಯಾಂಡಿನ ಮುಖಂಡ ನಗಾಡುತ್ತಿದ್ದ. ಆ ಮುಖಂಡನಿಗೂ ಒಂದು ಅಡ್ಡಹೆಸರಿದೆ, ಗಂಟಲು. ಗಂಟಲು ಗುಟ್ಟು ಹೇಳಿದರೆ ರಸ್ತೆಯಾಚೆಯ ಔಷಧಿ ಅಂಗಡಿಯವನು ಹೂಂಗುಟ್ಟುತ್ತಾನೆ.

ಸ್ಟ್ಯಾಂಡಿನ ತಗಡಿನ ಚಪ್ಪರದ ಕೆಳಗೆ ಒಂದು ಮರದ ಹಲಗೆ, ಹಲಗೆಯ ತುಂಬ ಸಾಲಾಗಿ ಮೊಳೆಗಳು. ಒಬ್ಬೊಬ್ಬ ಚಾಲಕನಿಗೆ ಒಂದೊಂದು ಮೊಳೆ. ಬೆಳಿಗ್ಗೆ ಬಂದವನು ತನ್ನ ಕಾರಿನ ನಂಬರು ಬರೆದ ತಗಡಿನ ಬಿಲ್ಲೆಯನ್ನು ತನ್ನ ಮೊಳೆಗೆ ನೇತುಹಾಕಿದರೆ ಆ ದಿನದ ಸುತ್ತು ಅವನಿಗೆ. ಮೊಳೆ ಇಲ್ಲದವನು ಈ ಊರಿನಲ್ಲಿ ಟ್ಯಾಕ್ಸಿ ಓಡಿಸುವಂತಿಲ್ಲ. ಇದ್ದವನು ಅದನ್ನು ಬಾಡಿಗೆಗೆ ಬಿಡುವಂತಿಲ್ಲ, ಬದಲಿ ಆಳನ್ನು ಕೂರಿಸುವಂತಿಲ್ಲ. ಬೆಳಿಗ್ಗೆ ಹಿಡಿದ ಸುತ್ತನ್ನು ಸಂಜೆಯ ಗುಡ್ಡ ಮುಟ್ಟಿಸದೆ ನಡುವೆ ಬಿಡುವಂತೆಯೂ ಇಲ್ಲ. ಹದಿನೈದು ದಿನ ಬಿಲ್ಲೆ ಬೀಳದಿದ್ದರೆ ಆ ಮೊಳೆ ಕಾದು ಕುಳಿತವರಲ್ಲಿ ಮುಂದಿನವನಿಗೆ. ದುಡ್ಡಿದ್ದವರು ಇರುವ ಮೊಳೆಗಳನ್ನೆಲ್ಲ ಬಾಚಿಕೊಂಡು ಮನೆಯಲ್ಲಿ ಕಾಲು ಚಾಚಿ ಕೂರಬಾರದೆಂದು ಯಾವುದೋ ಕಾಲದ ಒಳ್ಳೆಯವರು ಮಾಡಿದ ನಿಯಮ ಇದು. ಮನುಷ್ಯನಿಗೆ ಕಾಯಿಲೆ ಬರುತ್ತದೆ ಎಂಬ ಒಂದು ಮಾತನ್ನು ಅದಕ್ಕೆ ಸೇರಿಸಲು ಆಮೇಲೆ ಬಂದ ಯಾವ ಒಳ್ಳೆಯವರಿಗೂ ಪುರುಸೊತ್ತಾಗಲಿಲ್ಲ. ಕಾರು ಕೆಟ್ಟರೆ ರಜೆ ಉಂಟು. ಗಂಟಲು ಸ್ವತಃ ಗ್ಯಾರೇಜಿಗೆ ಹೋಗಿ, ಬಿಚ್ಚಿ ಹರಡಿದ ಎಂಜಿನ್ನನ್ನು ಕಣ್ಣಾರೆ ಕಂಡು ಬಂದು, ಕಾರು ಸರಿಯಾಗುವ ತನಕ ಮೊಳೆ ಕಾಯುತ್ತದೆ ಎಂದು ಸಾರುತ್ತಾನೆ. ಚಾಲಕ ಕೆಟ್ಟರೆ ರಜೆ ಇಲ್ಲ. ಯಾಕಪ್ಪಾ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಮನುಷ್ಯನನ್ನು ಬಿಚ್ಚಿ ನೋಡೋಕಾಗಲ್ವಲ್ಲ ಎಂದ.

ಅಲ್ನೋಡಿಯ ಮೊಳೆ ಮಾವನದು. ಮೊಳೆಯನ್ನು ಮಗನಿಗೋ ಅಳಿಯನಿಗೋ ದಾಟಿಸಬಹುದು. ಮಾವನಿಗೆ ಇದ್ದವಳು ಒಬ್ಬಳೇ ಮಗಳು. ‘ನಮ್ಮ ಮಾವ ಕೊಟ್ಟಿದ್ದು ಎರಡೇ, ಮೊಳೆ ಮತ್ತು ಇವಳು. ಎರಡನ್ನೂ ತುಕ್ಕು ಹಿಡಿಯೋಕೆ ಬಿಟ್ಟಿಲ್ಲ’ ಎಂದು ಅವನು ಬಂದವರ ಎದುರು ಜಂಬ ಕೊಚ್ಚುವುದಿತ್ತು. ಹೆಂಡತಿ ಒಳಗಿನಿಂದಲೇ ಉತ್ತರ ಕೊಡುತ್ತಿದ್ದಳು. ‘ಮೊಳೆಗಾದ್ರೂ ದಿನಾ ಒಂದು ಬಿಲ್ಲೆ ಹಾಕ್ತೀರ. ನನ್ನ ಕುತ್ತಿಗೆಗೆ ಏನು ಹಾಕಿದೀರ?’ ಮಕ್ಕಳಾಗಲಿಲ್ಲ. ಅಂದರೆ ಮೊಳೆ ಇವನಿಂದ ಮುಂದಕ್ಕೆ ಹೋಗುವ ದಾರಿಯೂ ಇರಲಿಲ್ಲ. ಅವನ ಕೈಯಲ್ಲಿ ಇರುವಷ್ಟು ದಿನ ಅದು ಇವರ ಅನ್ನ.

ಪಂಕ್ಚರ್ ಅಂಗಡಿಯ ಮೇಲಿನ ಒಂದು ಕೋಣೆ, ಒಂದು ಅಡುಗೆಮನೆ ಇವರ ಮನೆ. ಕೆಳಗೆ ಟೈರಿಗೆ ಗಾಳಿ ತುಂಬುವ ಯಂತ್ರ ನಡುಗಿದಾಗಲೆಲ್ಲ ಮೇಲೆ ಶೆಲ್ಫಿನ ಲೋಟಗಳು ಹಲ್ಲು ಕಡಿಯುತ್ತವೆ. ಅವಳು ಮುಖ್ಯ ರಸ್ತೆಯ ದೊಡ್ಡ ಲಾಡ್ಜಿನಲ್ಲಿ ಬಟ್ಟೆ ಒಗೆಯುವವಳು. ಲಾಡ್ಜಿನ ಮುಂದಿನ ಕೋಣೆಗಳಿಗೆಲ್ಲ ಗಾಜಿನ ಗೋಡೆ. ಹಾಸಿಗೆಯ ಮೇಲೆ ಮಲಗಿಕೊಂಡೇ ಕಣಿವೆ ನೋಡಬಹುದು. ಆ ಹಾಸಿಗೆಯ ಹೊದಿಕೆಗಳು ಹಿಂದಿನ ತೊಳೆಯುವ ಕೋಣೆಗೆ ಬಂದು ಬೀಳುತ್ತವೆ. ಯಂತ್ರ ಬಿಡಿಸಲಾರದ ಕಲೆಗಳನ್ನು ಕೈಯಲ್ಲಿ ತಿಕ್ಕಬೇಕು. ಆ ಕೋಣೆಗೂ ಒಂದು ಕಿಟಕಿಯಿದೆ, ಬಿಸಿನೀರಿನ ಬಾಯ್ಲರಿನ ಗೋಡೆಗೆ ಮುಖ ಮಾಡಿಕೊಂಡು. ಆ ಊರಿನಲ್ಲೇ ಹುಟ್ಟಿ ಬೆಳೆದವಳು, ಚಾಲಕನ ಮಗಳು, ಚಾಲಕನ ಹೆಂಡತಿ, ಸೂರ್ಯ ಮುಳುಗುವ ಗುಡ್ಡಕ್ಕೆ ಒಂದು ಸಂಜೆಯೂ ಹೋಗಿರಲಿಲ್ಲ. ರಜೆ ಇದ್ದ ದಿನ ಊರಿಗೆ ಜನ ಬರುತ್ತಾರೆ. ಜನ ಬಂದ ದಿನ ಇವರಿಗೆ ರಜೆ ಇಲ್ಲ. ಅಪ್ಪನನ್ನು ಕೇಳಿದ್ದಳಂತೆ, ನಾಳೆ ಎಂದನಂತೆ. ಗಂಡನನ್ನು ಕೇಳುವ ಹೊತ್ತಿಗೆ ಕೇಳುವುದೇ ಬೇಸರವಾಗಿತ್ತು.

ಕಣ್ಣು ಮಂಜಾಗತೊಡಗಿದ್ದು ಅವನಿಗೆ ಮೊದಲು ಗೊತ್ತಾಗಲಿಲ್ಲ. ಮಂಜಿನ ಊರಿನಲ್ಲಿ ಯಾರಿಗೆ ಗೊತ್ತಾಗುತ್ತದೆ? ಗಾಜು ಒರೆಸಿದ, ವೈಪರ್ ಬದಲಿಸಿದ, ದೀಪ ಬದಲಿಸಿದ. ಕೊನೆಗೆ ಮನೆಯೊಳಗೆ, ಬಿಸಿಲು ಬಿದ್ದ ನಡುಮಧ್ಯಾಹ್ನ, ಹೆಂಡತಿಯ ಮುಖದ ಮೇಲೂ ಮಂಜು ಕಂಡಾಗ ಆಸ್ಪತ್ರೆಗೆ ಹೋದ. ಎರಡೂ ಕಣ್ಣಿಗೆ ಪೊರೆ. ಒಂದು ಕಣ್ಣು ಮಾಡಿ, ಅದು ಮಾಗಿದ ಮೇಲೆ ಇನ್ನೊಂದು ಮಾಡಬೇಕು, ಒಂದೂವರೆ ತಿಂಗಳು ಸ್ಟಿಯರಿಂಗ್ ಮುಟ್ಟಬಾರದು ಎಂದರು. ಆಪರೇಷನ್‌ಗೆ ಕಾಸೂ ಬೇಡವಾಗಿತ್ತು, ಸರ್ಕಾರಿ ಆಸ್ಪತ್ರೆ. ಆದರೆ ಆ ಒಂದೂವರೆ ತಿಂಗಳಿಗೆ ಬೆಲೆಯಾಗಿ ಮೊಳೆ ಕೊಡಬೇಕಿತ್ತು.

ಹಗಲು ಹೇಗೋ ನಡೆಯುತ್ತಿತ್ತು. ಇಳಿಬಿಸಿಲಾದರೆ ಕಷ್ಟ. ಎದುರು ಬೆಳಕಿದ್ದರೆ ರಸ್ತೆಯೆಲ್ಲ ಹಾಲು ಚೆಲ್ಲಿದಂತೆ ಆಗಿ, ಅದರೊಳಗೆ ಬಸ್ಸೋ ಬಂಡೆಯೋ ತಿಳಿಯುತ್ತಿರಲಿಲ್ಲ. ಅವನು ದಾರಿಯನ್ನು ನೆನಪಿನಿಂದ ಓಡಿಸತೊಡಗಿದ. ದಾರಿ ನೆನಪಿನಲ್ಲಿ ಇದ್ದಲ್ಲೇ ಇರುತ್ತದೆ, ನಿಜ. ಎದುರಿಗೆ ಬರುವವರು ನೆನಪಿನಲ್ಲಿ ಇರುವುದಿಲ್ಲ.

ಉಪಾಯ ಹೆಂಡತಿಯದು. ಒಂದು ಬೆಳಿಗ್ಗೆ ಚಹಾ ಲೋಟ ಅವನ ಕೈಗೆ ಕೊಡದೆ ಎದುರಿಗೆ ಹಿಡಿದು ನಿಂತಳು. ಅವನ ಕೈ ಲೋಟದ ಪಕ್ಕದ ಗಾಳಿಯನ್ನು ಹಿಡಿಯಿತು.

‘ಮಧ್ಯಾಹ್ನದಿಂದ ನಾನೂ ಬರ್ತೀನಿ’ ಎಂದಳು. ‘ಮುಂದೆ ಕೂತು ಹೇಳ್ತೀನಿ, ನೀವು ತಿರುಗಿಸಿ.’

‘ಗಿರಾಕಿಗಳು ಸುಮ್ನಿರ್ತಾರಾ?’

‘ಗಂಡನ ತಲೆ ತಿನ್ನೋ ಹೆಂಡ್ತಿ ಅಂದ್ಕೋತಾರೆ. ಅದರಲ್ಲೇನು ಸುಳ್ಳು?’

ಅವಳು ಲಾಡ್ಜಿನಲ್ಲಿ ಬೆಳಗಿನ ಪಾಳಿ ಕೇಳಿ ಪಡೆದಳು. ಊಟಕ್ಕೆ ಕಾರು ನಿಲ್ಲುವಲ್ಲಿ ಬಂದು ಹತ್ತುತ್ತಿದ್ದಳು. ಗುಡ್ಡದ ಹತ್ತಿರ ಅವಳ ಅಕ್ಕನ ಮನೆ ಇದೆ, ಅಲ್ಲಿಗೆ ಬಿಡಬೇಕು ಎಂದು ಅವನು ಗಿರಾಕಿಗಳಿಗೆ ಹೇಳುತ್ತಿದ್ದ. ಇಲ್ಲದ ಅಕ್ಕ, ನಿತ್ಯ ಹೋಗುವ ಮನೆ. ಬಸ್ಸು ಬಂತು, ಲಾರಿ ಬಂತು ಎಂದು ಬಾಯಿಬಿಟ್ಟರೆ ಹಿಂದಿನವರಿಗೆ ಅನುಮಾನ ಬರುತ್ತದೆಂದು ಇಬ್ಬರೂ ಒಂದು ಭಾಷೆ ಮಾಡಿಕೊಂಡರು. ಬಸ್ಸೆಂದರೆ ಅವನ ಅಣ್ಣ, ಯಾರಿಗೂ ದಾರಿ ಬಿಡದವನು. ಬೈಕೆಂದರೆ ಅವನ ತಂಗಿ, ಎಲ್ಲಿಂದ ನುಗ್ಗುತ್ತಾಳೋ ತಿಳಿಯದು. ರಸ್ತೆ ಬದಿ ನಿಂತ ಕಾರೆಂದರೆ ಅವನ ಚಿಕ್ಕಪ್ಪ, ಕೂತರೆ ಏಳದವರು. ‘ನಿಮ್ಮಣ್ಣ ಬರ್ತಿದಾನೆ, ಸ್ವಲ್ಪ ತಗ್ಗಿ ನಡ್ಕೊಳಿ’, ‘ನಿಮ್ಮ ಚಿಕ್ಕಪ್ಪನ್ನ ಸುತ್ತಿಕೊಂಡೇ ಹೋಗ್ಬೇಕು’ ಎಂದು ಅವಳು ಗೊಣಗುತ್ತಿದ್ದರೆ ಹಿಂದೆ ಕೂತ ಹೆಂಗಸರು ಮುಸಿಮುಸಿ ನಗುತ್ತಿದ್ದರು. ಎಲ್ಲರ ಮನೆ ದೋಸೆಯೂ ತೂತೇ ಎಂಬ ಸಮಾಧಾನ ಅವರಿಗೆ.

ನಗು ಬರುತ್ತದೆ, ಒಪ್ಪುತ್ತೇನೆ. ಆದರೆ ಆ ಹಿಂದಿನ ಸೀಟಿನಲ್ಲಿ ನಿಮ್ಮ ಮಗು ಇತ್ತು ಎಂದುಕೊಂಡು ಇನ್ನೊಮ್ಮೆ ಓದಿ. ಬಡವರ ಕಷ್ಟ ಎಂದ ಕೂಡಲೇ ಎಲ್ಲವನ್ನೂ ಮಾಫಿ ಮಾಡುವವರ ಪೈಕಿ ನಾನಲ್ಲ. ಗಂಡ ಹೆಂಡತಿ ಸೇರಿ ದಿನವೂ ಪರರ ಜೀವವನ್ನು ಕಣಿವೆಯ ಅಂಚಿನಲ್ಲಿ ಓಡಿಸುತ್ತಿದ್ದರು, ಮತ್ತು ಅದು ಅವರಿಗೆ ಗೊತ್ತಿತ್ತು. ರಾತ್ರಿ ಮನೆ ಸೇರಿದ ಮೇಲೆ ಇಬ್ಬರೂ ಗೋಡೆಗೊರಗಿ ಕೂತುಬಿಡುತ್ತಿದ್ದರಂತೆ. ಅವನಿಗೆ ಕೈ ಸೋತಿರುತ್ತಿತ್ತು, ಅವಳಿಗೆ ಕಣ್ಣು. ಸಾಲದ್ದಕ್ಕೆ ಬೆಳಗಾದರೆ ಅವಳಿಗೆ ಹೊದಿಕೆಗಳ ರಾಶಿ. ಮಂಜಿನ ಕಾಲ ಮುಗಿದು ಜನ ಕಡಿಮೆಯಾದಾಗ ಏನಾದರೂ ಮಾಡೋಣ ಎಂದು ದಿನ ದೂಡಿದರು. ದೂಡಿದ್ದು ಮಂಜಿನ ನೆರಳಿನಲ್ಲಿ. ಮಂಜಿದ್ದರೆ ಎಲ್ಲರ ಕಾರೂ ತೆವಳುತ್ತದೆ, ಕುರುಡನಿಗೂ ಕಣ್ಣಿದ್ದವನಿಗೂ ಒಂದೇ ವೇಗ.

ಮಂಜು ಹರಿದ ಮೊದಲ ಸಂಜೆ ಅವರ ಕಾರಿನಲ್ಲಿ ಒಂದು ಕುಟುಂಬ ಇತ್ತು. ಗಂಡ, ಹೆಂಡತಿ, ಗಂಡನ ತಾಯಿ, ಆ ಅಜ್ಜಿಯ ತೊಡೆಯ ಮೇಲೆ ಪುಟ್ಟ ಹುಡುಗಿ. ಮುಂದಿನ ಸೀಟು ತನಗೆ ಬೇಕಿತ್ತು, ವಿಡಿಯೊ ತೆಗೆಯುವುದಿತ್ತು ಎಂದು ಆ ಗಂಡನಿಗೆ ಊಟದ ಹೊತ್ತಿನಿಂದಲೂ ಮುನಿಸು. ಎಂಟು ಜಾಗ ಆಗಬೇಕಿತ್ತು, ಆರೇ ಆಗಿದೆ ಎಂದು ಅವನು ಬೆರಳು ಮಡಚುತ್ತಿದ್ದ. ಜಲಪಾತದ ಬಳಿ ಮಗು ನೀರಿಗೆ ಕಲ್ಲೆಸೆಯುತ್ತ ಇನ್ನೂ ಸ್ವಲ್ಪ ಹೊತ್ತು ಇರೋಣ ಎಂದಾಗ ಎತ್ತಿಕೊಂಡು ಬಂದು ಕಾರಿಗೆ ತುರುಕಿದ್ದ. ಈ ಜನಕ್ಕೆ ನೋಡುವುದು ಬೇಡ, ನೋಡಿಯಾಯಿತು ಎನ್ನುವುದು ಬೇಕು. ಅವರನ್ನು ಬೈದು ಫಲವೂ ಇಲ್ಲ. ಅವರಿಗೆ ವರ್ಷಕ್ಕೆ ಸಿಗುವುದೇ ಎರಡು ದಿನ, ಅವರ ಬೆನ್ನ ಮೇಲೂ ಯಾವುದೋ ಹಲಗೆಯ ಮೊಳೆ.

ಗುಡ್ಡಕ್ಕೆ ಹತ್ತುವ ದಾರಿಯ ಕೊನೆಯ ತಿರುವಿನಲ್ಲಿ ರಸ್ತೆ ಇದ್ದಕ್ಕಿದ್ದಂತೆ ಪಡುವಣಕ್ಕೆ ಮುಖ ಮಾಡುತ್ತದೆ. ಎಡಗಡೆಯ ಮರಗಳು ಮುಗಿದು ಇಡೀ ಕಣಿವೆ ಬಾಯಿ ತೆರೆಯುತ್ತದೆ. ಎಲ್ಲ ಚಾಲಕರೂ ಮಾತಾಡುವ ಜಾಗ ಅದು. ಅವನ ಕೈ ಮೇಲೆದ್ದಿತು. ಬಾಯಿ, ಎಂದಿನಂತೆ, ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

‘ಅಲ್ನೋಡಿ.’

ಎಲ್ಲರೂ ನೋಡಿದರು. ಹೆಂಡತಿಯೂ ನೋಡಿದಳು.

ಅಷ್ಟೇ ಆದದ್ದು. ಇಷ್ಟು ದಿನ ಆ ತಿರುವಿನಲ್ಲಿ ಅವಳು ಕಂಡಿದ್ದು ಬಿಳುಪು ಒಂದನ್ನೇ. ಅವತ್ತು ಅಲ್ಲಿ ಏನೋ ಇತ್ತು. ಎದುರಿಗೆ ನೇರ ಮುಖಕ್ಕೆ ಬಡಿಯುವ ಸೂರ್ಯ, ಗಂಡನ ಕಣ್ಣೊಳಗೆ ಚೆಲ್ಲಿದ ಹಾಲು, ನೋಟಕ್ಕೆಂದು ರಸ್ತೆಯಲ್ಲೇ ನಿಲ್ಲಿಸಿದ ಕಾರೊಂದರ ಬೆನ್ನು. ಚಿಕ್ಕಪ್ಪ ಎಂದು ಯಾರೂ ಹೇಳಲಿಲ್ಲ. ಕೊನೆಯ ಗಳಿಗೆಯಲ್ಲಿ ಅವನಿಗೇ ಏನೋ ಕಪ್ಪಗೆ ಕಂಡು ಎಡಕ್ಕೆ ಎಳೆದ. ಕಾರು ಮೋಟುಗೋಡೆಗೆ ಮುಖ ಗುದ್ದಿ, ಮುಂದಿನ ಚಕ್ರವನ್ನು ಚರಂಡಿಗೆ ಇಳಿಸಿ ನಿಂತಿತು. ಗೋಡೆ ಹಳೆಯದು, ಗಟ್ಟಿಯದು. ಆ ಗೋಡೆ ಕಟ್ಟಿದ ಕೆಲಸಗಾರರು ಕಲ್ಲಿನಲ್ಲಿ ಮೋಸ ಮಾಡಿರಲಿಲ್ಲವಾದ್ದರಿಂದ ನಾನಿಂದು ಬರೆಯುತ್ತಿರುವುದು ಇಷ್ಟು ಸಣ್ಣ ಸಂಗತಿ.

ಮಗುವಿನ ಮೂತಿ ಮುಂದಿನ ಸೀಟಿಗೆ ಬಡಿದು ತುಟಿ ಸೀಳಿತ್ತು.

ಹಿಂದೆಯೇ ಬರುತ್ತಿದ್ದ ಗಂಟಲು ತನ್ನ ಗಿರಾಕಿಗಳನ್ನು ಕಾರಿನಲ್ಲೇ ಬಿಟ್ಟು ಓಡಿಬಂದ. ಮಗುವಿನ ತಂದೆ ಕೂಗಾಡುತ್ತಿದ್ದ. ಗಂಟಲು ಬಾಗಿ ಚಕ್ರದ ಬಳಿ ಇಣುಕಿ, ಎದ್ದು, ಬ್ರೇಕ್ ಹೋಗಿದೆ ಸಾರ್ ಎಂದ. ಏನೇ ಆಗಲಿ ಬ್ರೇಕ್ ಎನ್ನುವುದು ಸ್ಟ್ಯಾಂಡಿನ ವಾಡಿಕೆ. ಕಬ್ಬಿಣದ ಮೇಲೆ ಯಾರಿಗೂ ಹಗೆಯಿಲ್ಲ. ಆಮೇಲೆ ಅಲ್ನೋಡಿಯ ಭುಜ ಹಿಡಿದು ಪಕ್ಕಕ್ಕೆ ಕರೆದು, ಅವನ ಮಟ್ಟಿಗೆ ಪಿಸುಮಾತು ಎನ್ನಬಹುದಾದ ದನಿಯಲ್ಲಿ ಹೇಳಿದ.

‘ಬ್ರೇಕ್ ಅಂತಲೇ ಇರ್ಲಿ. ಮೂತಿ ಜಜ್ಜಿದೆ, ಗ್ಯಾರೇಜಲ್ಲಿ ಎರಡು ತಿಂಗಳು ಇರುತ್ತೆ. ಮೊಳೆ ಎಲ್ಲೂ ಹೋಗಲ್ಲ. ಅಷ್ಟ್ರಲ್ಲಿ ಕಣ್ಣು ಮಾಡ್ಸಿಕೋ.’

ಅಲ್ನೋಡಿ ಬೆಚ್ಚಿ ನೋಡಿದ. ಅಂದರೆ ಗೊತ್ತಿತ್ತು. ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೆ ರಕ್ತ ಕುದಿಯುವುದು ಇಲ್ಲಿ. ಗಂಟಲು ಕೆಟ್ಟವನಲ್ಲ, ಅವನು ಹೇಳಿದ್ದು ಕರುಣೆಯಿಂದಲೇ. ಆದರೆ ಕಣ್ಣು ಕಾಣುವುದಿಲ್ಲ ಎಂದು ಬಂದವನಿಗೆ ಹದಿನೈದರ ಮೇಲೆ ಒಂದು ದಿನ ಕೊಡದ ನಿಯಮ, ಒಂದು ಮಗುವಿನ ತುಟಿ ಹರಿದು ಒಂದು ಸುಳ್ಳು ಹೇಳಿದ ಮೇಲೆ ಎರಡು ತಿಂಗಳು ಕೊಡುತ್ತದೆ.

ಅಲ್ನೋಡಿ ತಲೆ ತಗ್ಗಿಸಿದ. ಒಪ್ಪಿಗೆ ಎಂದೇ ಅರ್ಥ. ಹೆಂಡತಿಯದೂ ಒಂದು ‘ಹೂಂ’ ಬಿದ್ದಿದ್ದರೆ ಮೊಳೆ ಉಳಿಯುತ್ತಿತ್ತು, ಕಣ್ಣು ಬರುತ್ತಿತ್ತು.

ಅತ್ತ ಅವನ ಹೆಂಡತಿ ತನ್ನ ಸೆರಗಿನ ತುದಿಯನ್ನು ಮಗುವಿನ ತುಟಿಗೆ ಒತ್ತಿ ಹಿಡಿದು ಮಂಡಿಯೂರಿ ಕೂತಿದ್ದಳು. ರಕ್ತದ ಕಲೆ ಅವಳಿಗೆ ಹೊಸದಲ್ಲ. ಗಂಟಲಿನ ಪಿಸುಮಾತು ಎಂದರೆ ಏನೆಂದು ಮೊದಲೇ ಹೇಳಿದ್ದೇನೆ. ಅವಳಿಗೆ ಎಲ್ಲವೂ ಕೇಳಿಸಿತ್ತು. ಅಜ್ಜಿ ಅವಳನ್ನೇ ನೋಡುತ್ತಿದ್ದಳು.

‘ಹೋಗ್ಲಿ ಬಿಡಮ್ಮ. ಬ್ರೇಕ್ ಹೋದ್ರೆ ಯಾರೇನು ಮಾಡೋಕಾಗುತ್ತೆ’ ಎಂದಳು ಅಜ್ಜಿ.

ಬಹುಶಃ ಬೈದಿದ್ದರೆ ಅವಳು ಸುಮ್ಮನಿರುತ್ತಿದ್ದಳು.

‘ಬ್ರೇಕ್ ಸರಿ ಇದೆ ಅಮ್ಮ. ಇವರಿಗೆ ಸಂಜೆ ಹೊತ್ತು ಕಣ್ಣು ಕಾಣಲ್ಲ. ನೋಡಿ ಹೇಳೋಳು ನಾನು. ನಾನು ಆ ಕಡೆ ನೋಡ್ಬಿಟ್ಟೆ.’

ಮಗುವಿನ ತಂದೆ ಅಲ್ನೋಡಿಯ ಹತ್ತಿರ ಬಂದು ಅವನ ಕಣ್ಣನ್ನೇ ಇಣುಕಿ ನೋಡಿದ. ಗಂಟಲು ಮೊದಲ ಸಲ ನಿಜವಾಗಿಯೂ ಮೆಲ್ಲಗೆ ಏನೋ ಅಂದುಕೊಂಡ. ಅಜ್ಜಿ ಮಗುವನ್ನು ಅವಳ ಕೈಯಿಂದ ತೆಗೆದುಕೊಂಡಳು, ಕಿತ್ತುಕೊಳ್ಳಲಿಲ್ಲ.

‘ಗೊತ್ತಿದ್ದೂ ನಮ್ಮನ್ನ ಕೂರಿಸ್ಕೊಂಡ್ರಾ?’ ಎಂದಳು.

ಅವಳು ರಕ್ತವಾದ ಸೆರಗನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಗಂಟಲು ಆ ಕುಟುಂಬವನ್ನು ತನ್ನ ಕಾರಿನಲ್ಲಿ ಒತ್ತಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ. ಕೆಳಗಿನಿಂದ ಚಕ್ರ ಎತ್ತಲು ಬಂದವನು ಮೊಳೆಗಾಗಿ ವರ್ಷಗಳಿಂದ ಕಾಯುತ್ತಿದ್ದವರಲ್ಲಿ ಮೊದಲಿನವನು. ಸ್ಟ್ಯಾಂಡಿನಲ್ಲಿ ಅವನನ್ನು ಮುಂದಿನವನು ಎಂದೇ ಕರೆಯುತ್ತಾರೆ. ಅಷ್ಟು ವರ್ಷದಿಂದ ಮುಂದಿನವನಾಗಿಯೇ ಹಿಂದುಳಿದಿದ್ದಾನೆ. ಜ್ಯಾಕ್ ಕೊಟ್ಟು ಚಕ್ರ ಎತ್ತಿ, ಜಜ್ಜಿದ ತಗಡನ್ನು ಬಗ್ಗಿಸಿ ಟೈರಿನಿಂದ ಬಿಡಿಸಿ, ಸ್ಟಿಯರಿಂಗ್ ಹಿಂದೆ ಅವನೇ ಕೂತ. ಅಲ್ನೋಡಿ ಹಿಂದಿನ ಬಾಗಿಲು ತೆಗೆದ. ಹೆಂಡತಿ ಮುಂದೆ ಕೂತಳು, ಆಮೇಲೆ ಯಾಕೋ ಇಳಿದು ಹಿಂದೆ ಬಂದು ಅವನ ಪಕ್ಕ ಕೂತಳು.

ಆ ಕಾರಿನ ಹಿಂದಿನ ಸೀಟಿನಲ್ಲಿ ಅವನು ಅದಕ್ಕೆ ಮೊದಲು ಕೂತಿರಲಿಲ್ಲ. ತಾನು ನೆನಪಿನಿಂದಲೇ ಇಳಿಯುತ್ತಿದ್ದ ತಿರುವುಗಳು ಈಗ ಹೊಟ್ಟೆಯೊಳಗೆ ಒಂದೊಂದಾಗಿ ತಿರುಗತೊಡಗಿದವು. ಹಣೆ ಬೆವರಿತು.

‘ಅಣ್ಣಾ, ನಿಲ್ಲಿಸ್ಲಾ?’ ಎಂದ ಮುಂದಿನವನು ಕನ್ನಡಿಯಲ್ಲಿ ನೋಡಿ.

ಅಲ್ನೋಡಿ ಬೇಡವೆಂದು ತಲೆಯಾಡಿಸಿದ. ವಾಂತಿ ಮಾಡುವ ಗಿರಾಕಿಗಳನ್ನು ಕಂಡರೆ ಅವನಿಗೆ ಯಾವತ್ತೂ ತಾತ್ಸಾರ. ‘ತಿನ್ನೋದು ಮೇಲೆ ಹತ್ತೋಕೆ ಮುಂಚೆ ಯಾಕೆ’ ಎಂದು ಗೊಣಗುತ್ತಿದ್ದ. ಅವರಿಗೆಂದೇ ಸೀಟಿನ ಹಿಂದಿನ ಚೀಲದಲ್ಲಿ ತುರುಕಿಟ್ಟ ಕವರುಗಳಲ್ಲಿ ಒಂದನ್ನು ಹೆಂಡತಿ ಬಿಡಿಸಿ ಅವನ ಬಾಯಿಗೆ ಹಿಡಿದಳು, ಬೆನ್ನು ಸವರಿದಳು. ಮುಂದಿನವನು ಕಾರು ನಿಲ್ಲಿಸಿ ಇಳಿದು ಹೋಗಿ, ಬೇಕಿಲ್ಲದಿದ್ದರೂ, ಟೈರು ನೋಡುತ್ತ ನಿಂತ.

ಮರುದಿನ ಸ್ಟ್ಯಾಂಡಿನಲ್ಲಿ ಯಾರೂ ಬಾಯಿ ಬಿಡುವ ಮೊದಲೇ ಅಲ್ನೋಡಿ ಹಲಗೆಯ ಬಳಿ ಹೋಗಿ, ತಡವಿ, ತನ್ನ ಬಿಲ್ಲೆಯನ್ನು ತೆಗೆದು ಜೇಬಿಗೆ ಹಾಕಿಕೊಂಡ. ಗಂಟಲು ಕೆಮ್ಮಿ, ಕಾರು ಕೆಟ್ಟಿದ್ದು ಅಂತ ಇನ್ನು ಹೇಳೋಕಾಗಲ್ಲ, ಆದ್ರೂ ಹದಿನೈದು ದಿನ ನಿನ್ನದೇ ಕಣೋ, ಅವಸರ ಏನು ಎಂದ. ‘ಮುಂದಿನವನು ಇನ್ನೆಷ್ಟು ಕಾಯ್ಬೇಕು’ ಎಂದು ಇವನು ಹೊರಟುಬಂದ. ನಿಯಮಕ್ಕೆ ಕಾಯಿಲೆಯ ಮಾತು ಸೇರಿಸುತ್ತೀರಾ ಎಂದು ಮೊನ್ನೆ ಮತ್ತೆ ಕೇಳಿದೆ. ಸಭೆಯಲ್ಲಿ ಇಡ್ತೀವಿ ಎಂದ ಗಂಟಲು, ಇಡೀ ಬೀದಿಗೆ ಕೇಳಿಸುವಂತೆ. ಸಭೆ ಯಾವಾಗ ಎಂಬುದನ್ನು ಮಾತ್ರ ಮೆಲ್ಲಗೆ ಹೇಳಿದ, ನನಗೆ ಕೇಳಿಸಲಿಲ್ಲ.

ಕಣ್ಣು ಎರಡೂ ಆಗಿವೆ. ಈಗ ಅವನು ಹೆಂಡತಿಯ ಲಾಡ್ಜಿನಲ್ಲೇ ಕೆಲಸಕ್ಕಿದ್ದಾನೆ. ಒಗೆದ ಹೊದಿಕೆಗಳನ್ನು ಗಾಡಿಯಲ್ಲಿ ತಳ್ಳಿಕೊಂಡು ಮುಂದಿನ ಕೋಣೆಗಳಿಗೆ ಒಯ್ಯುವುದು. ಗಾಜಿನ ಗೋಡೆಯಾಚೆ ಕಣಿವೆ ಇರುತ್ತದೆ. ಗಿರಾಕಿಗಳು ಒಳಗಿದ್ದರೆ ಅವನು ಕೈ ಎತ್ತುವುದಿಲ್ಲ.

ಕಣ್ಣಿನ ಪಟ್ಟಿ ಬಿಚ್ಚಿ ಬಂದ ದಿನದ ಮಾತು ಅವನೇ ನನಗೆ ಹೇಳಿದ್ದು. ಕೆಳಗೆ ಗಾಳಿ ತುಂಬುವ ಯಂತ್ರ ನಡುಗುತ್ತಿತ್ತು. ಅವಳು ಅವನಿಗೆ ಬೆನ್ನು ಹಾಕಿ ಲೋಟಗಳನ್ನು ಶೆಲ್ಫಿನಲ್ಲಿ ಹಿಂದಕ್ಕೆ ಸರಿಸುತ್ತಿದ್ದಳು. ಅವನಿಗೆ ಲೋಟದ ಅಂಚು ಕಂಡಿತು, ಅವಳ ಕತ್ತಿನ ಹಿಂದಿನ ಬಿಳಿ ಕೂದಲು ಕಂಡಿತು. ಇಷ್ಟು ದಿನ ಕೇಳಲಾಗದೆ ಇದ್ದುದನ್ನು ಕೇಳಿದ.

‘ಅವತ್ತು ಆ ತಿರುವಲ್ಲಿ ನಿಂಗೆ ಏನೇ ಕಾಣಿಸ್ತು?’

ಅವಳು ನೆನಪು ಮಾಡಿಕೊಳ್ಳಲು ನಿಜಕ್ಕೂ ಪ್ರಯತ್ನಿಸಿದಳು ಎಂದು ಅವನು ಹೇಳುತ್ತಾನೆ.

‘ಆ ಮಗು ತುಟಿ’ ಎಂದಳು. ‘ಅದಕ್ಕೆ ಮುಂಚೆದು ಏನೂ ನೆನಪಿಲ್ಲ ಕಣ್ರೀ.’